ವಾರಸುದಾರರಿಲ್ಲದವರಿಗೆ ವಾರಸುದಾರ

ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದ ಮೊದಲ ಅಧ್ಯಾಯದಲ್ಲಿ ಮನುಷ್ಯನ ಚಟುವಟಿಕೆಗಳನ್ನು ಎರಡು ಭಾಗ ಮಾಡಿದ್ದಾರೆ. ಹಣ ಗಳಿಸಲು ಮಾಡುವುದು ಆರ್ಥಿಕ ಚಟುವಟಿಕೆ. ಪ್ರೀತಿ, ಕರುಣೆ, ಧರ್ಮಕ್ಕಾಗಿ ಮಾಡುವುದು ಆರ್ಥಿಕೇತರ ಚಟುವಟಿಕೆ. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಮೊದಲನೆಯದಕ್ಕೆ ಕಿರಾಣಿ ಅಂಗಡಿ, ಎರಡನೆಯದಕ್ಕೆ ತಾಯಿ ಮಾಡುವ ಅಡುಗೆ ಎಂದು ಬರೆಯುತ್ತೇವೆ. ಹಾಗಾದರೆ ಸತ್ತವರ ಅಂತ್ಯಸಂಸ್ಕಾರ ಮಾಡುವ ಕೆಲಸ ಯಾವ ಭಾಗಕ್ಕೆ ಸೇರುತ್ತದೆ? ಮೈಸೂರಿನ ಅಯೂಬ್ ಅಹ್ಮದ್ ಎಂಬವರ ಬದುಕು ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ. ಅದಕ್ಕೂ ಮೊದಲು ಈ ಕೆಲಸ ಎಲ್ಲೆಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳೋಣ.

ಅಲ್ಲಿ ಉದ್ಯೋಗ, ಇಲ್ಲಿ ಋಣ

ಅಮೆರಿಕದಲ್ಲಿ ಅಂತ್ಯಸಂಸ್ಕಾರ ಒಂದು ಪೂರ್ಣ ಪ್ರಮಾಣದ ಉದ್ಯೋಗ. ಹಿಂದೆ ಅಲ್ಲಿ ಮೇಜು, ಕುರ್ಚಿ ಮಾಡುವ ಬಡಗಿಗಳೇ ಶವಪೆಟ್ಟಿಗೆಯನ್ನೂ ಮಾಡಿ ಕೊಡುತ್ತಿದ್ದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಶವಗಳನ್ನು ದೂರದ ಊರುಗಳಿಗೆ ಕಳಿಸಬೇಕಾಯಿತು. ಆಗ ಶವ ಕೆಡದಂತೆ ಕಾಪಾಡುವ ವಿದ್ಯೆ ಬೆಳೆಯಿತು. ಕ್ರಮೇಣ ಶವ ಸಾಗಿಸುವುದು, ಸಿದ್ಧಪಡಿಸುವುದು, ಕಾಗದಪತ್ರ ಮಾಡಿಸುವುದು ಎಲ್ಲ ಒಬ್ಬರೇ ನೋಡಿಕೊಳ್ಳುವ ಸಂಸ್ಥೆಗಳು ಹುಟ್ಟಿದವು. ದುಃಖದಲ್ಲಿರುವವರು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಆದ್ದರಿಂದ ಪ್ರತಿಯೊಂದು ಸೇವೆಯ ದರಪಟ್ಟಿಯನ್ನು ಗ್ರಾಹಕರಿಗೆ ಕೊಡಲೇಬೇಕೆಂದು 1984ರಲ್ಲಿ ಅಲ್ಲಿ ನಿಯಮ ಬಂತು. ನಾವು ಓದುವ ಗ್ರಾಹಕ ಸಂರಕ್ಷಣೆ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

ಜೇವರ್ಗಿಯಂಥ ಊರಿನಲ್ಲಿ ಈ ಕೆಲಸ ಹತ್ತು ಕೈಗಳಲ್ಲಿ ಹಂಚಿಹೋಗಿದೆ. ಮುಸ್ಲಿಮರ ಮನೆಯಲ್ಲಿ ಸಾವಾದರೆ ಮಸೀದಿಯ ಮೈಕಿನಲ್ಲಿ ಹೇಳಿಸುತ್ತಾರೆ. ಗೊತ್ತಿದ್ದ ಹಿರಿಯರು ಬಂದು ಗುಸ್ಲ್ ಕೊಡುತ್ತಾರೆ. ಗಂಡಸಿಗೆ ಮೂರು, ಹೆಂಗಸಿಗೆ ಐದು ಬಟ್ಟೆಯ ಕಫನ್. ಮಸೀದಿಯಲ್ಲಿಟ್ಟ ಡೋಲಾ ಬರುತ್ತದೆ, ಹೆಗಲು ಕೊಡಲು ಕರೆಯದೆಯೇ ಜನ ಬರುತ್ತಾರೆ. ಲಿಂಗಾಯತರ ಮನೆಯಲ್ಲಾದರೆ ವಿಮಾನ ಕಟ್ಟಿ, ಶರೀರವನ್ನು ಕೂಡಿಸಿ, ಭಜನೆಯೊಂದಿಗೆ ಒಯ್ದು ಸಮಾಧಿ ಮಾಡುತ್ತಾರೆ. ನಮ್ಮ ಭಾಗದ ಕನ್ನಡದಲ್ಲಿ ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತಾರೆ, ನಮ್ಮ ಮನೆಯ ಉರ್ದುವಿನಲ್ಲಿ ‘ಮಿಟ್ಟಿ ದೇನಾ’ ಎನ್ನುತ್ತೇವೆ. ಭಾಷೆ ಎರಡಾದರೂ ಮಣ್ಣು ಒಂದೇ.

ಇಲ್ಲಿ ಹಣದ ಮಾತೇ ಇಲ್ಲ ಎಂದಲ್ಲ. ಕಫನ್ ಬಟ್ಟೆ ಮಾರುವವರಿಗೆ ಅದು ವ್ಯಾಪಾರ, ಗೋರಿ ತೋಡುವವರಿಗೆ ಕೂಲಿ. ಆದರೆ ಒಟ್ಟು ಕೆಲಸವನ್ನು ಯಾರೂ ವ್ಯಾಪಾರ ಎಂದು ನೋಡುವುದಿಲ್ಲ.

ಕಾನೂನಿನ ಲೆಕ್ಕ

ಕಾನೂನು ಕೂಡ ಹೀಗೆಯೇ ನೋಡಿದೆ ಎನ್ನುವುದು ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರಕಿನ ಪೂರೈಕೆಯೂ ಅಲ್ಲದ, ಸೇವೆಯ ಪೂರೈಕೆಯೂ ಅಲ್ಲದ ಕೆಲಸಗಳ ಪಟ್ಟಿ ಇದೆ. ಅಂತ್ಯಕ್ರಿಯೆ, ದಫನ, ದಹನ, ಶವಾಗಾರ ಮತ್ತು ಶವ ಸಾಗಣೆಯ ಸೇವೆಗಳು ಆ ಪಟ್ಟಿಯಲ್ಲಿವೆ. ಆದ್ದರಿಂದ ಇವುಗಳಿಗೆ ಜಿಎಸ್‌ಟಿ ಇಲ್ಲ.

ಇನ್ನೊಂದು ವಿಷಯ. ಸತ್ತವರ ಆಸ್ತಿಯಿಂದ ಮೊದಲು ಯಾವ ಖರ್ಚು ತೆಗೆಯಬೇಕು? ಇಸ್ಲಾಮಿನ ಕ್ರಮದಲ್ಲಿ ಮೊದಲು ಕಫನ್-ದಫನ್ ಖರ್ಚು, ನಂತರ ಸಾಲ, ನಂತರ ಮೂರನೇ ಒಂದು ಭಾಗ ಮೀರದ ವಸೀಯತ್, ಕೊನೆಗೆ ವಾರಸುದಾರರ ಪಾಲು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಕಲಮು ಕೂಡ ಅಂತ್ಯಕ್ರಿಯೆಯ ಯೋಗ್ಯ ಖರ್ಚನ್ನು ಎಲ್ಲ ಸಾಲಗಳಿಗಿಂತ ಮೊದಲು ಕೊಡಬೇಕು ಎನ್ನುತ್ತದೆ. ಸಾಹುಕಾರ ಕಾಯಬಹುದು, ಶವ ಕಾಯಬಾರದು.

ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಇದೆ. ಮನೆಯವರು, ಓಣಿಯವರು, ಜಮಾತಿನವರು ಇದ್ದರೆ ಮಾತ್ರ ಇದು ನಡೆಯುತ್ತದೆ. ಯಾರೂ ಇಲ್ಲದ ಕಡೆ ಸತ್ತವರ ಗತಿ ಏನು?

ಅಯೂಬ್ ಅಹ್ಮದ್

ಅಯೂಬ್ ಅಹ್ಮದ್ ಮೈಸೂರಿನವರು. ತಾರುಣ್ಯದಲ್ಲಿ ಒಂದು ದಿನ ಕಾರು ಕೊಳ್ಳಲು ಗುಂಡ್ಲುಪೇಟೆ ಕಡೆಗೆ ಹೋಗುತ್ತಿದ್ದಾಗ ರಸ್ತೆ ಬದಿಯಲ್ಲಿ ಶವ ಬಿದ್ದಿದ್ದನ್ನು, ಜನ ಸುತ್ತ ನಿಂತು ನೋಡುತ್ತಿದ್ದುದನ್ನು ಕಂಡರು. ಎಷ್ಟೋ ಗಂಟೆಗಳ ಮೇಲೆ ಮರಳಿ ಬಂದಾಗಲೂ ಆ ಶವ ಅಲ್ಲೇ ಇತ್ತು. ನೋಡಿ ಹೋದವರು ಅನೇಕರು, ಎತ್ತಿದವರು ಒಬ್ಬರೂ ಇಲ್ಲ. ಅಯೂಬ್ ಅದನ್ನು ತಾವು ತಂದ ಗಾಡಿಯಲ್ಲೇ ಸಾಗಿಸಿದರು. ಅವರ ಕೆಲಸ ಶುರುವಾದದ್ದು ಅಲ್ಲಿಂದ ಎಂದು ಪತ್ರಿಕೆಗಳಲ್ಲಿ ಬಂದಿದೆ.

ಮೆಚ್ಚುಗೆ ಬಂದದ್ದು ಬಹಳ ತಡವಾಗಿ. ಹೆಣ ಮುಟ್ಟುವವನೆಂದು ಜನ ಅವರನ್ನು ದೂರ ಇಟ್ಟರು. ‘ಬಾಡಿ ಮಿಯಾ’ ಎಂಬ ಹೆಸರು ಅಂಟಿಕೊಂಡಿತು. ಅವರು ಕೆಲಸ ಬಿಡಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ, ಜಾತಿ ಧರ್ಮ ನೋಡದೆ, ಸಾವಿರಾರು ಅನಾಥ ಶವಗಳನ್ನು ಸಾಗಿಸಿ ಅಂತ್ಯಸಂಸ್ಕಾರ ಮಾಡಿದರು. ಆ ಹೆಸರೇ ಇಂದು ಗೌರವದ ಹೆಸರಾಗಿದೆ.

ಅವರ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಬೇರೊಂದು ಸಂಗತಿ. ಗುರುತು ಸಿಗದ ಶವದ ಫೋಟೊವನ್ನು ಅವರು ಫೇಸ್‌ಬುಕ್‌ನಲ್ಲಿ ಹಾಕಿ ಮನೆಯವರನ್ನು ಹುಡುಕುತ್ತಾರೆ. ಅಂದರೆ ಮಣ್ಣು ಮಾಡುವ ಮೊದಲು ಹೆಸರು ಹುಡುಕುವುದು ಅವರ ಕೆಲಸದ ಭಾಗ. ಫೋಟೊ ನೋಡಿ ಮನೆಯವರು ಬಂದರೆ ‘ಅಪರಿಚಿತ ಗಂಡಸು’ ಎಂದು ಪಂಚನಾಮೆಯಲ್ಲಿ ಬರೆದದ್ದು ಯಾರದೋ ತಂದೆಯಾಗುತ್ತದೆ, ಯಾರದೋ ಅಣ್ಣನಾಗುತ್ತದೆ.

ಇಂಥ ಇನ್ನೊಬ್ಬರು ಉತ್ತರ ಪ್ರದೇಶದ ಅಯೋಧ್ಯೆಯ ಮೊಹಮ್ಮದ್ ಶರೀಫ್. ಸೈಕಲ್ ರಿಪೇರಿ ಮಾಡುತ್ತಿದ್ದ ಬಡವರು. ಕೆಲಸಕ್ಕೆಂದು ಸುಲ್ತಾನ್‌ಪುರಕ್ಕೆ ಹೋಗಿದ್ದ ಮಗ ಅಲ್ಲಿ ಕೊಲೆಯಾದ. ಮಗನಿಗೆ ಕೈಯಾರೆ ಮಣ್ಣು ಕೊಡುವ ಅವಕಾಶ ತಂದೆಗೆ ಸಿಗಲಿಲ್ಲ. ಅಂದಿನಿಂದ ಹಿಂದೂಗಳ ಶವಕ್ಕೆ ದಹನ, ಮುಸ್ಲಿಮರ ಶವಕ್ಕೆ ದಫನ ಎಂದು ಸಾವಿರಾರು ಅನಾಥ ಶವಗಳಿಗೆ ಅವರು ಸಂಸ್ಕಾರ ಮಾಡುತ್ತ ಬಂದರು. 2020ರ ಪಟ್ಟಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ನಮಗೇನು ಸಂಬಂಧ?

ಉರ್ದುವಿನಲ್ಲಿ ಇಂಥ ಶವಕ್ಕೆ ‘ಲಾವಾರಿಸ್’ ಎನ್ನುತ್ತಾರೆ. ಆದರೆ ಇಂಥವರಲ್ಲಿ ಅನೇಕರಿಗೆ ವಾರಸುದಾರರು ಇರುತ್ತಾರೆ, ಅವರಿಗೆ ಸುದ್ದಿ ಮುಟ್ಟಿರುವುದಿಲ್ಲ ಅಷ್ಟೆ. ನಮ್ಮ ತಾಲ್ಲೂಕಿನಿಂದ ಎಷ್ಟು ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ! ಕಟ್ಟಡದ ಕೆಲಸಕ್ಕೆ ಹೋದವರು ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತರೆ, ಜೇಬಿನಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ, ಅವರೂ ಆ ಊರಿಗೆ ಲಾವಾರಿಸ್. ಮೈಸೂರಿನಲ್ಲಿ ಒಬ್ಬರು ಎತ್ತಿದ ಶವ ಜೇವರ್ಗಿಯ ಯಾವುದೋ ಮನೆಯದ್ದೂ ಆಗಿರಬಹುದು.

ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅದರ ನಂತರದ ತಿಂಗಳುಗಳಲ್ಲಿ ಮನೆಮಂದಿ ಇದ್ದೂ ಹೆಗಲು ಕೊಡಲಾಗದ ಸ್ಥಿತಿ ಬಂತು. ಆಗ ರಾಜ್ಯದ ಅನೇಕ ಊರುಗಳಲ್ಲಿ ಯುವಕರು ಪಿಪಿಇ ಕಿಟ್ ಧರಿಸಿ ಎಲ್ಲ ಧರ್ಮದವರ ಶವಸಂಸ್ಕಾರ ಮಾಡಿದರು. ವಾರಸುದಾರರಿಲ್ಲದ ಸ್ಥಿತಿ ಯಾರಿಗೂ ಬರಬಹುದು ಎಂದು ಆಗ ಎಲ್ಲರಿಗೂ ತಿಳಿಯಿತು.

ಜನಾಜಾ ನಮಾಜ್ ಫರ್ಜ್-ಎ-ಕಿಫಾಯಾ ಎಂದು ದೀನಿಯಾತ್‌ನಲ್ಲಿ ಕಲಿತಿದ್ದೇವೆ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಯಹೂದಿಯೊಬ್ಬರ ಶವ ಹಾದುಹೋಗುವಾಗ ಪ್ರವಾದಿ ಮುಹಮ್ಮದ್ (ಸ) ಅವರು ಎದ್ದು ನಿಂತ ಹದೀಸ್ ಕೂಡ ಕೇಳಿದ್ದೇವೆ. ಸತ್ತವರ ಗೌರವಕ್ಕೆ ಧರ್ಮದ ಗೋಡೆ ಇಲ್ಲ ಎಂಬುದು ಅದರ ಪಾಠ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಂತ್ಯಸಂಸ್ಕಾರ ಅಮೆರಿಕದಲ್ಲಿ ಆರ್ಥಿಕ ಚಟುವಟಿಕೆ, ನಮ್ಮಲ್ಲಿ ಬಹುಪಾಲು ಆರ್ಥಿಕೇತರ. ಎರಡೂ ಕಡೆ ಅದಕ್ಕೆ ಯಾರಾದರೊಬ್ಬರು ಬೇಕು. ಕೊಡುವವರೂ ಇಲ್ಲದ, ಬಂಧುಗಳೂ ಇಲ್ಲದ ಕಡೆ ಅಯೂಬ್ ಅಹ್ಮದ್ ಅಂಥವರು ನಮ್ಮೆಲ್ಲರ ಪಾಲಿನ ಸಾಲವನ್ನು ತೀರಿಸುತ್ತಿದ್ದಾರೆ. ಹಾಗಾಗಿ ಅವರಿಗೆ ಮೆಚ್ಚುಗೆ ಸೂಚಿಸಿದರೆ ಸಾಲದು, ನಮ್ಮ ಪಾಲನ್ನು ನಾವು ಹೊರಬೇಕು.

ನಾವು ಮಾಡಬಹುದಾದದ್ದು

1. ಗುಸ್ಲ್ ಮತ್ತು ಕಫನ್ ಕ್ರಮವನ್ನು ಓಣಿಯ ಹಿರಿಯರಿಂದ ಈಗಲೇ ಕಲಿಯುವುದು. ಹುಡುಗಿಯರೂ ಹಿರಿಯ ಹೆಂಗಸರಿಂದ ಕಲಿಯಬೇಕು.

2. ಗುಳೆ ಹೋಗುವ ಬಂಧುಗಳ ಜೇಬಿನಲ್ಲಿ ಹೆಸರು, ಊರು, ಮನೆಯ ಫೋನ್ ನಂಬರ್ ಬರೆದ ಚೀಟಿ ಇಡಿಸುವುದು. ಮೊಬೈಲಿನಲ್ಲಿ ತುರ್ತು ಸಂಪರ್ಕದ ನಂಬರ್ ಹಾಕಿಕೊಡುವುದು.

3. ರಸ್ತೆಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ವಿಡಿಯೊ ಮಾಡದೆ 112ಕ್ಕೆ ಕರೆ ಮಾಡುವುದು.

4. ಮನೆಯಲ್ಲಿ ಸಾವಾದರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸುವುದು. ಬ್ಯಾಂಕ್ ಖಾತೆ, ವಿಮೆ, ಹೊಲದ ಪಹಣಿ ಎಲ್ಲಕ್ಕೂ ಆ ಪ್ರಮಾಣಪತ್ರ ಬೇಕು. ನೆರೆಮನೆಯವರಿಗೆ ಅರ್ಜಿ ಬರೆಯಲು ಬಾರದಿದ್ದರೆ ನಾವು ಬರೆದುಕೊಡಬಹುದು.

ಚರ್ಚೆಗೆ ಪ್ರಶ್ನೆಗಳು

1. ಅಂತ್ಯಸಂಸ್ಕಾರದ ಸೇವೆಗೆ ದರಪಟ್ಟಿ ಇರಬೇಕೇ? ಇದ್ದರೆ ಯಾರಿಗೆ ಲಾಭ?

2. ಆಸ್ತಿ ಹಂಚುವಾಗ ಅಂತ್ಯಕ್ರಿಯೆಯ ಖರ್ಚು ಸಾಲಕ್ಕಿಂತ ಮೊದಲು ಬರುವುದೇಕೆ?

3. ನಿಮ್ಮ ಓಣಿಯಲ್ಲಿ ಗುಸ್ಲ್ ಕೊಡಲು, ಗೋರಿ ತೋಡಲು, ವಿಮಾನ ಕಟ್ಟಲು ಬಲ್ಲವರು ಎಷ್ಟು ಜನ ಇದ್ದಾರೆ? ಅವರ ನಂತರ ಯಾರು?