ರೋಗವನ್ನು ನೆನಪಿಡುವ ಕಣಗಳು

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ದಾದಿ ಅಥವಾ ನಾನಿ ಇದ್ದರೆ ಅವರ ತೋಳನ್ನೊಮ್ಮೆ ನೋಡಿ. ಕಾಸಿನಗಲದ ಹಳೆಯ ಕಲೆಯೊಂದು ಕಾಣಬಹುದು. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಗುರುತು. ನಮ್ಮ ಮನೆಗಳಲ್ಲಿ ಚೇಚಕ್ ಎನ್ನುವ ಆ ರೋಗ ಒಂದು ಕಾಲದಲ್ಲಿ ಊರೂರನ್ನೇ ನಡುಗಿಸಿತ್ತು. ಭಾರತದಲ್ಲಿ ಅದು ಕೊನೆಯ ಬಾರಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಚರ್ಮದ ಮೇಲೆ ಕಲೆ ಉಳಿದಂತೆ ದೇಹದ ಒಳಗೂ ಏನಾದರೂ ಉಳಿದಿರುತ್ತದೆಯೇ? 2003ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಇದಕ್ಕೆ ಉತ್ತರ ಕೊಟ್ಟಿತು. ಹಿಂದೆಂದೋ ಈ ಲಸಿಕೆ ಹಾಕಿಸಿಕೊಂಡವರ ರಕ್ತವನ್ನು ಅವರು ಪರೀಕ್ಷಿಸಿದರು. ಐವತ್ತು ವರ್ಷ ಕಳೆದಿದ್ದವರ ರಕ್ತದಲ್ಲಿಯೂ ಆ ಲಸಿಕೆಯನ್ನು ಗುರುತು ಹಿಡಿಯಬಲ್ಲ ಕಣಗಳು ಜೀವಂತವಾಗಿದ್ದವು!

ಆ ತಂಡದ ಹಿರಿಯ ವಿಜ್ಞಾನಿ ಡಾ. ರಫಿ ಅಹ್ಮದ್. ಹುಟ್ಟಿದ್ದು ಹೈದರಾಬಾದಿನಲ್ಲಿ, ಓದಿದ್ದು ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. 1981ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. 1995ರಿಂದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯದಲ್ಲಿ ಲಸಿಕಾ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದರು. ವೈರಸ್ ಬಂದು ಹೋದ ಮೇಲೆ ದೇಹ ಅದನ್ನು ಹೇಗೆ ನೆನಪಿಡುತ್ತದೆ, ಆ ನೆನಪು ಯಾವಾಗ ಕೈಕೊಡುತ್ತದೆ ಎಂಬುದೇ ಅವರ ಜೀವಮಾನದ ಅಧ್ಯಯನ. ಪ್ರಯೋಗಾಲಯದ ಈ ವಿಷಯಕ್ಕೂ ಅರಸೀಕೆರೆ, ಬೇಲೂರು, ಹಳೇಬೀಡಿನ ನಮ್ಮ ಮನೆಗಳಿಗೂ ನೇರ ಸಂಬಂಧವಿದೆ. ಹೇಗೆಂದು ನೋಡೋಣ.

ನೆನಪು ಹುಟ್ಟುವುದು ಹೇಗೆ?

ವೈರಸ್ ತಾನಾಗಿಯೇ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ನುಗ್ಗಿ, ಅಲ್ಲಿನ ಸಾಮಗ್ರಿ ಬಳಸಿಕೊಂಡೇ ಅದು ಸಾವಿರವಾಗುತ್ತದೆ. ಅದನ್ನು ಎದುರಿಸುವ ಬಿಳಿ ರಕ್ತಕಣಗಳಲ್ಲಿ ಮುಖ್ಯವಾದ ಎರಡು ಬಗೆಗಳಿವೆ. ಬಿ ಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಇವು ರಕ್ತದಲ್ಲಿ ತೇಲುವ ವೈರಸ್‌ಗೆ ಅಂಟಿಕೊಂಡು ಅದು ಜೀವಕೋಶದೊಳಗೆ ಹೋಗದಂತೆ ತಡೆಯುತ್ತವೆ. ಟಿ ಕಣಗಳಲ್ಲಿ ಒಂದು ಗುಂಪು, ವೈರಸ್ ಈಗಾಗಲೇ ಹೊಕ್ಕಿರುವ ಜೀವಕೋಶಗಳನ್ನು ಹುಡುಕಿ ನಾಶ ಮಾಡುತ್ತದೆ.

ನಮ್ಮ ಮನೆಯ ಮದುವೆಯನ್ನು ನೆನಪಿಸಿಕೊಳ್ಳಿ. ವಲೀಮಾದ ದಿನ ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಎಂದು ನೂರು ಜನ ಸೇರುತ್ತಾರೆ. ಮುಗಿದ ಮೇಲೆ ಎಲ್ಲರೂ ಅವರವರ ಮನೆಗೆ. ಆದರೆ ಯಾವ ದೇಗಿಗೆ ಎಷ್ಟು ಅಕ್ಕಿ, ಎಷ್ಟು ಮಸಾಲೆ ಎಂದು ಬಲ್ಲ ಒಬ್ಬಿಬ್ಬರು ಹಿರಿಯರು ಮನೆಯಲ್ಲೇ ಇರುತ್ತಾರೆ. ಮುಂದಿನ ಮದುವೆ ಬಂದಾಗ ಯಾರನ್ನೂ ಕೇಳದೆ ಅವರು ಕೆಲಸ ಆರಂಭಿಸುತ್ತಾರೆ. ಸೋಂಕು ಬಂದಾಗ ಟಿ ಕಣಗಳೂ ಹೀಗೆಯೇ ಲಕ್ಷಗಟ್ಟಲೆ ಹೆಚ್ಚುತ್ತವೆ. ಸೋಂಕು ಮುಗಿದ ಮೇಲೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಣಗಳು ಸಾಯುತ್ತವೆ. ಉಳಿಯುವ ಕೆಲವೇ ಕಣಗಳು 'ನೆನಪಿನ ಕಣ'ಗಳಾಗುತ್ತವೆ. ಅದೇ ವೈರಸ್ ಮತ್ತೆ ಬಂದರೆ ಅವು ತಡಮಾಡದೆ ಎದ್ದು ನಿಲ್ಲುತ್ತವೆ.

ಲಸಿಕೆಯ ಗುಟ್ಟೂ ಇಷ್ಟೇ. ರೋಗ ಕೊಡದೆ ಪಾಠ ಮಾತ್ರ ಕಲಿಸುವುದು. ಕೆಲವು ಲಸಿಕೆಗಳನ್ನು ಎರಡು, ಮೂರು ಬಾರಿ ಕೊಡುವುದು ಮೊದಲ ಸಲ ಸರಿಯಾಗಿ ಕಲಿಯದ ದೇಹಕ್ಕೂ ಪಾಠ ಗಟ್ಟಿಯಾಗಲೆಂದು.

ಕಣಗಳು ದಣಿದಾಗ

ಕೆಲವು ವೈರಸ್‌ಗಳು ಒಮ್ಮೆ ಬಂದರೆ ಹೋಗುವುದೇ ಇಲ್ಲ. ಅಂಥ ಸೋಂಕಿನಲ್ಲಿ ಟಿ ಕಣಗಳು ವರ್ಷಗಟ್ಟಲೆ ಬಿಡುವಿಲ್ಲದೆ ದುಡಿದು ಕೊನೆಗೆ ದಣಿದು ಸುಮ್ಮನಾಗುತ್ತವೆ. ಇಲಿಗಳಲ್ಲಿ ಇದನ್ನು ಅಧ್ಯಯನ ಮಾಡಿದ ರಫಿ ಅಹ್ಮದ್ ಮತ್ತು ಸಂಗಡಿಗರು 2006ರಲ್ಲಿ ಒಂದು ಮಹತ್ವದ ಸಂಗತಿ ತಿಳಿಸಿದರು. ದಣಿದ ಕಣಗಳ ಮೇಲೆ ಪಿಡಿ-1 ಎಂಬ ಬ್ರೇಕ್ ಒಂದು ಬಿದ್ದಿರುತ್ತದೆ. ಅದನ್ನು ತಡೆದರೆ ಕಣಗಳು ಮತ್ತೆ ಚೇತರಿಸಿಕೊಳ್ಳುತ್ತವೆ. ಇದೇ ಬ್ರೇಕನ್ನು ಸಡಿಲಿಸುವ ಔಷಧಗಳು ಇಂದು ಹಲವು ಬಗೆಯ ಕ್ಯಾನ್ಸರ್‌ಗೆ ಬಳಕೆಯಲ್ಲಿವೆ.

ಹೀಗೆ ಬಂದು ತಳವೂರುವ ವೈರಸ್‌ಗಳಲ್ಲಿ ಹೆಪಟೈಟಿಸ್ ಬಿ ಒಂದು. ದೊಡ್ಡವರಿಗೆ ತಗುಲಿದರೆ ಬಹುಪಾಲು ಜನರ ದೇಹ ಅದನ್ನು ಹೊರಹಾಕುತ್ತದೆ. ಆದರೆ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಬಂದರೆ ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದುಬಿಡುತ್ತದೆ. ಮುಂದೆ ಯಕೃತ್ತನ್ನು ಹಾಳುಮಾಡಬಹುದು. ಆದ್ದರಿಂದ ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬಿದ್ದಿದೆಯೇ ಎಂದು ಆಸ್ಪತ್ರೆಯಲ್ಲೇ ಕೇಳಿ ತಿಳಿದುಕೊಳ್ಳಿ. ಈ ವೈರಸ್ ರಕ್ತದ ಮೂಲಕವೂ ಹರಡುತ್ತದೆ. ಖತ್ನಾ ಮಾಡಿಸುವಾಗ, ಕಿವಿ ಚುಚ್ಚಿಸುವಾಗ, ಕ್ಷೌರದಂಗಡಿಯಲ್ಲಿ ಕೂರುವಾಗ ಹೊಸ ಬ್ಲೇಡ್, ಶುದ್ಧೀಕರಿಸಿದ ಉಪಕರಣ ಕೇಳುವುದಕ್ಕೆ ಸಂಕೋಚ ಬೇಡ.

ನೆನಪನ್ನೇ ಅಳಿಸುವ ದಡಾರ

ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಬಗ್ದಾದಿನಲ್ಲಿ ವೈದ್ಯರಾಗಿದ್ದ ಅಲ್ ರಾಝಿ ಸಿಡುಬು ಮತ್ತು ದಡಾರದ ಲಕ್ಷಣಗಳನ್ನು ಬೇರ್ಪಡಿಸಿ ಗ್ರಂಥವನ್ನೇ ಬರೆದರು. ಸಿಡುಬು ಹೋಯಿತು. ದಡಾರ, ಅಂದರೆ ಖಸ್ರಾ, ಇನ್ನೂ ಇದೆ. 'ಮಕ್ಕಳಿಗೆ ಬರುವಂಥದ್ದೇ, ಬಂದು ಹೋಗಲಿ ಬಿಡಿ' ಎನ್ನುವವರೂ ಇದ್ದಾರೆ. ಈ ಮಾತು ಅಪಾಯಕಾರಿ.

ದಡಾರದ ವೈರಸ್ ನೆನಪಿನ ಕಣಗಳ ಮೇಲೆಯೇ ದಾಳಿ ಮಾಡುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದೆ ದಡಾರ ಬಂದ 77 ಮಕ್ಕಳ ರಕ್ತವನ್ನು ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬೇರೆ ರೋಗಗಳ ವಿರುದ್ಧ ಆ ಮಕ್ಕಳ ದೇಹದಲ್ಲಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಇಲ್ಲವಾಗಿದ್ದವು. ದಡಾರ ವಾಸಿಯಾದ ಮಗು ಹಿಂದೆ ಕಲಿತ ಪಾಠಗಳನ್ನು ಮರೆತು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಅಷ್ಟರಲ್ಲಿ ನ್ಯುಮೋನಿಯಾ, ಭೇದಿ ಬಂದರೆ ತಡೆದುಕೊಳ್ಳುವ ಶಕ್ತಿ ಕುಗ್ಗಿರುತ್ತದೆ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗ ಮೊಬೈಲಿನಲ್ಲಿ ಹರಿದಾಡಿದ ಸುಳ್ಳುಗಳಿಗೆ ಹೆದರಿ ಹಿಂದೆ ಸರಿದ ಪೋಷಕರಿದ್ದರು. ಅನುಮಾನ ಬರುವುದು ತಪ್ಪಲ್ಲ. ಅದನ್ನು ಪರಿಹರಿಸಿಕೊಳ್ಳಬೇಕಾದದ್ದು ಮಾತ್ರ ವೈದ್ಯರಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ. ಈ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ಮಗು ಓಡಾಡಲು ಕಲಿತ ಮೇಲೆ ಮನೆಯವರು ಮರೆಯುವುದು ಈ ಎರಡನೆಯ ಡೋಸನ್ನೇ.

ನೆನಪು ದಾರಿ ತಪ್ಪುವ ಡೆಂಗಿ

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ವಾಸಿಯಾದರೆ ಅದರ ವಿರುದ್ಧ ರಕ್ಷಣೆ ಬಹುಕಾಲ ಇರುತ್ತದೆ. ಉಳಿದ ಮೂರರಿಂದ ಸಿಗುವ ರಕ್ಷಣೆ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೂ ಅದನ್ನು ಕಟ್ಟಿಹಾಕಲಾರವು. ಬದಲಿಗೆ ಅದು ಜೀವಕೋಶದೊಳಗೆ ಹೋಗಲು ದಾರಿ ಮಾಡಿಕೊಡಬಹುದು. ಎರಡನೇ ಬಾರಿಯ ಡೆಂಗಿ ಹೆಚ್ಚು ಗಂಭೀರವಾಗುವ ಸಾಧ್ಯತೆ ಇರುವುದು ಇದರಿಂದಲೇ. 'ನಮಗೆ ಒಮ್ಮೆ ಬಂದು ಹೋಗಿದೆ, ಇನ್ನು ಭಯವಿಲ್ಲ' ಎಂದು ತಿಳಿಯಬೇಡಿ. ಡೆಂಗಿ ರೋಗಿಗಳಲ್ಲಿ ಈ ಕಣಗಳು ಹೇಗೆ ವರ್ತಿಸುತ್ತವೆಂದು ದೆಹಲಿಯ ಸಂಶೋಧಕರ ಜೊತೆ ಸೇರಿ ರಫಿ ಅಹ್ಮದ್ ಅಧ್ಯಯನ ಮಾಡಿದ್ದಾರೆ.

ಡೆಂಗಿ ಸೊಳ್ಳೆ ಬೆಳೆಯುವುದು ಹಳೇಬೀಡಿನ ದ್ವಾರಸಮುದ್ರ ಕೆರೆಯಂಥ ದೊಡ್ಡ ನೀರಿನಲ್ಲಲ್ಲ, ಮನೆಯ ಸುತ್ತ ನಿಂತ ಸ್ವಲ್ಪ ನೀರಿನಲ್ಲಿ. ಅರಸೀಕೆರೆ ತೆಂಗಿನ ಸೀಮೆ. ಹಿತ್ತಿಲಲ್ಲಿ ಎಸೆದ ಚಿಪ್ಪು, ಎಳನೀರಿನ ಬುರುಡೆ ಒಂದು ಮಳೆಗೆ ಸೊಳ್ಳೆಯ ತೊಟ್ಟಿಲಾಗುತ್ತವೆ. ನೀರಿನ ಅಭಾವವಿರುವ ಕಡೆ ತುಂಬಿಸಿಟ್ಟ ಡ್ರಮ್ಮು, ತೊಟ್ಟಿಗಳು. ಮಳೆ ಹೆಚ್ಚಿರುವ ಬೇಲೂರಿನ ಕಡೆ ಹಳೆಯ ಟೈರು, ಹೂಕುಂಡದ ತಟ್ಟೆಗಳು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ, ಜುಮಾದ ದಿನ ಬೆಳಿಗ್ಗೆ ಎಂದೇ ಇಟ್ಟುಕೊಳ್ಳಿ, ಎಲ್ಲ ನೀರು ಚೆಲ್ಲಿ ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಿರಿ. ಮೊಟ್ಟೆಗಳು ಅಂಚಿಗೆ ಅಂಟಿರುತ್ತವೆ. ಚೆಲ್ಲಲಾಗದ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿ. ಮಸೀದಿಯ ಹೌಝ್‌ನಲ್ಲಿ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡುವ ಬಗ್ಗೆ ಆರೋಗ್ಯ ಇಲಾಖೆಯವರನ್ನು ವಿಚಾರಿಸಿ. ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಹಗಲು ಮಲಗುವ ಮಗುವಿಗೂ ಪರದೆ ಕಟ್ಟಿ.

ಜ್ವರ ಬಂದರೆ ನೀವಾಗಿಯೇ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ರಕ್ತಸ್ರಾವ ಹೆಚ್ಚಬಹುದು. ಗಂಜಿ, ಎಳನೀರು, ಓಆರ್‌ಎಸ್ ಆಗಾಗ ಕುಡಿಸಿ, ವೈದ್ಯರಿಗೆ ತೋರಿಸಿ. ಬಹಳ ಮುಖ್ಯವಾದ ಮಾತೊಂದಿದೆ: ಡೆಂಗಿಯಲ್ಲಿ ಅಪಾಯದ ಗಳಿಗೆ ಸಾಮಾನ್ಯವಾಗಿ ಜ್ವರ ಇಳಿಯುವಾಗ, ಮೂರರಿಂದ ಏಳನೇ ದಿನದೊಳಗೆ ಬರುತ್ತದೆ. ಆಗ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ದಾದಿಯ ತೋಳಿನ ಕಲೆ ಅಂದು ಯಾರೋ ಅವರನ್ನು ಮರೆಯದೆ ಲಸಿಕೆಗೆ ಕರೆದೊಯ್ದದ್ದರ ಗುರುತು. ಇಂದು ಆ ಜವಾಬ್ದಾರಿ ನಮ್ಮದು. ಈ ಪುಟ ಓದಿ ಮುಗಿಸಿದ ಕೂಡಲೇ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ಯಾವುದಾದರೂ ಲಸಿಕೆಯ ಎದುರು ದಿನಾಂಕ ಖಾಲಿ ಇದ್ದರೆ ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕೇಳಿ. ತಡವಾಗಿದ್ದರೂ ಏನು ಮಾಡಬೇಕೆಂದು ಅವರು ಹೇಳುತ್ತಾರೆ.