ನೋಡುವ ಕಡೆ ಕೂತವನ ಮಾತು

ನೇಪಾಳಕ್ಕೆ ಹೋಗುವುದೋ ಕೆನ್ಯಾಕ್ಕೆ ಹೋಗುವುದೋ ಇನ್ನೂ ತೀರ್ಮಾನವಾಗಿಲ್ಲ, ಕುಣಿತದ ಅಭ್ಯಾಸ ಮಾತ್ರ ಶುರು ಮಾಡಿದ್ದೇವೆ ಅಂದಿರಿ. ಒಳ್ಳೆಯದೇ ಆಯಿತು ಕಣ್ರಪ್ಪಾ. ಚಾಮರಾಜನಗರ, ಗುಂಡ್ಲುಪೇಟೆ ಸುತ್ತಿನ ಸಭೆಗಳ ಹುಡುಗ ಹುಡುಗಿಯರು ಹಾಡು ಕುಣಿತ ಕಟ್ಟಿಕೊಂಡು ದೇಶ ದಾಟುತ್ತಾರೆ ಅಂದರೆ ಉಡಿಗಾಲದ ಈ ಮುದುಕ ಮೇಷ್ಟ್ರಿಗೂ ಹಿಗ್ಗೇ. ‘ತಾತ, ನೀವೂ ಎರಡು ಮಾತು ಹೇಳಿ’ ಅಂತ ಕೇಳಿದಿರಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ನಿಮ್ಮ ಸಭೆಯವನಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದುಕೊಳ್ಳುವ ಮನೆಯವನು. ಕ್ರಿಸ್‌ಮಸ್ಸಿಗೆ ನಿಮ್ಮ ಮನೆಗಳಿಂದ ಬರುವ ಕಜ್ಜಾಯಕ್ಕೆ ಕಾಯುವವನು. ಬೈಬಲ್ಲಿನ ಪಾಠವನ್ನು ನಿಮ್ಮ ಪಾಸ್ಟರೇ ಹೇಳಲಿ. ನನಗಿರುವ ಅರ್ಹತೆ ಒಂದೇ. ಹೊರಗಿನಿಂದ ವ್ಯಾನಿನಲ್ಲಿ ಬಂದು, ಮೈಕು ಹಾಕಿ, ಹಾಡಿ, ಕುಣಿದು, ಮಾತಾಡಿ ಹೋದ ಎಷ್ಟೋ ತಂಡಗಳನ್ನು ಜಗಲಿ ಮೇಲೆ ಕೂತು ನೋಡಿದ್ದೇನೆ. ಇನ್ನು ಮೇಲೆ ಆ ವ್ಯಾನಿನಿಂದ ಇಳಿಯುವವರು ನೀವು. ಜಗಲಿ ಮೇಲಿನವರಿಗೆ ಏನು ಕಾಣುತ್ತದೆ ಅನ್ನುವುದು ನಿಮಗೆ ಗೊತ್ತಿದ್ದರೆ ಒಳ್ಳೆಯದು.

ನಮಗೆ ಮೊದಲು ಕಾಣುವುದು ಕುಣಿತವಲ್ಲ, ಬಂದವರಿಗೆ ಇರುವ ಅವಸರ. ಸ್ಪೀಕರ್ ಜೋಡಿಸಿದರು, ಕುಣಿದರು, ನಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು, ಹೊತ್ತು ಮುಳುಗುವುದರೊಳಗೆ ಹೊರಟರು. ಅಂಥವರ ಮುಖ ಯಾರಿಗೂ ನೆನಪಿಲ್ಲ. ನೀರು ಕೇಳಿ ಕುಡಿದವರು ನೆನಪಿದ್ದಾರೆ. ಮುದುಕಿಯರ ಪಕ್ಕ ಕೂತು ಅವರೆಕಾಯಿ ಸುಲಿದವರು, ‘ಈ ವರ್ಷ ಅರಿಸಿನ ಹೇಗೆ’ ಅಂತ ಕೇಳಿ, ರೇಟು ಬಿದ್ದ ಕತೆಯನ್ನು ಕೊನೆತನಕ ಕೇಳಿಸಿಕೊಂಡವರು ನೆನಪಿದ್ದಾರೆ.

ನಮ್ಮ ಸೀಮೆಯ ಚರಿತ್ರೆಯಲ್ಲೂ ಹೀಗೇ ಆಗಿದೆ. ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾ 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಕಡೆಯ ಸಭೆಗಳನ್ನು ನೋಡಿಕೊಂಡವರು. ಇಲ್ಲಿಯವರ ಹಾಗೆ ಉಟ್ಟು, ಇಲ್ಲಿಯವರ ಹಾಗೆ ಉಂಡು, ಸಿಡುಬಿನ ಕಾಲದಲ್ಲಿ ಲಸಿಕೆ ಹಾಕಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂದರು. 1823ರಲ್ಲಿ ಊರಿಗೆ ಮರಳಿದ ಅದೇ ಮನುಷ್ಯ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಅಂತ ಪುಸ್ತಕವನ್ನೇ ಬರೆದರು. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದರು. ಅವರ ಪ್ರಸಂಗಗಳನ್ನು ಇವತ್ತು ಯಾರೂ ಕೇಳುವುದಿಲ್ಲ. ಸುಮಾರು 70,000 ಪದಗಳ ಅವರ 1894ರ ನಿಘಂಟಿಗೆ ಮಾತ್ರ ನನ್ನಂಥ ಮೇಷ್ಟ್ರುಗಳು ಕೈಮುಗಿಯುತ್ತೇವೆ. ಕಲಿಸಲು ಬಂದು ಕಲಿಯಲು ಕೂತವರು ಅವರು. ನಿಮಗೆ ಸಿಗುವುದು ಹೆಚ್ಚೆಂದರೆ ಎರಡು ವಾರ, ಅಷ್ಟರಲ್ಲಿ ನಿಘಂಟು ಬರೆಯಿರಿ ಅನ್ನುವುದಿಲ್ಲ. ಇಳಿದುಕೊಂಡ ಮನೆಯವರ ಹೆಸರುಗಳನ್ನಾದರೂ ಸರಿಯಾಗಿ ಕಲಿಯಿರಿ.

ಹಾಂ, ಊಟದ ಮಾತು. ‘ಅಲ್ಲಿ ಏನು ತಿನ್ನುವುದು ತಾತ’ ಅಂತ ಒಬ್ಬಳು ಮುಖ ಸಣ್ಣದು ಮಾಡಿಕೊಂಡಳು. ಅವ್ವಾ, ನೀನು ಎರಡು ದೇಶದಲ್ಲಿ ಯಾವುದಕ್ಕೆ ಹೋದರೂ ಮುದ್ದೆ ತಪ್ಪುವುದಿಲ್ಲ. ಕೆನ್ಯಾದಲ್ಲಿ ಮುಸುಕಿನ ಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ ಉಗಾಲಿ ಮಾಡುತ್ತಾರೆ, ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯದಲ್ಲೋ ಸಾರಿನಲ್ಲೋ ಅದ್ದಿ ಉಣ್ಣುತ್ತಾರೆ. ನೇಪಾಳದ ಗುಡ್ಡಗಾಡಿನಲ್ಲಿ ಢಿಂಡೋ ಅಂತ ಮಾಡುತ್ತಾರೆ, ಅದಕ್ಕೆ ಎಷ್ಟೋ ಮನೆಗಳಲ್ಲಿ ನಮ್ಮ ರಾಗಿಯದೇ ಹಿಟ್ಟು. ರಾಗಿಗೆ ಅಲ್ಲಿ ಕೋದೋ ಅನ್ನುತ್ತಾರೆ. ಕೆನ್ಯಾದವರು ರಾಗಿಗೆ ವಿಂಬಿ ಅನ್ನುತ್ತಾರೆ, ಗಂಜಿ ಕಾಸುತ್ತಾರೆ. ಅಸಲಿಗೆ ರಾಗಿ ಪೂರ್ವ ಆಫ್ರಿಕಾದ ಎತ್ತರದ ನೆಲದ ಬೆಳೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ನಮ್ಮ ಅಜ್ಜಂದಿರ ರಟ್ಟೆಗೆ ಬಲ ಕೊಟ್ಟ ಕಾಳು ಅವರ ಹೊಲದ್ದು. ಅಲ್ಲಿಯ ಹೆಂಗಸರ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತು ಇದನ್ನು ಹೇಳಿ ನೋಡಿ, ವೇದಿಕೆ ಮೇಲಿನ ಸಾಕ್ಷಿಗಿಂತ ಬೇಗ ನಗು ಬರುತ್ತದೆ. ಹಿಟ್ಟನ್ನು ಕೋಲಿನಲ್ಲಿ ತಿರುವುವ ಕೆಲಸವನ್ನೂ ಕೇಳಿ ಮಾಡಿ. ಹುಡುಗರೂ ಅಷ್ಟೇ, ತಟ್ಟೆ ಮುಂದೆ ಕೂತು ಕಾಯಬೇಡಿ.

ಈಗ ಕುಣಿತಕ್ಕೆ ಬರೋಣ. ಕಂಸಾಳೆ ಬೀಸೋಣ, ಮಾದಪ್ಪನ ಹೆಸರಿದ್ದ ಕಡೆ ಯೇಸುವಿನ ಹೆಸರು ಹಾಕೋಣ ಅಂತ ನಿಮ್ಮಲ್ಲೊಬ್ಬ ಕೇಳಿದ. ಬೇಡಪ್ಪಾ. ಕಂಸಾಳೆ ನಮಗೆ ಬರೀ ತಾಳವಲ್ಲ. ದೇವರಗುಡ್ಡರು ದೀಕ್ಷೆ ಪಡೆದು ಮಾದಪ್ಪನ ಹೆಸರಲ್ಲಿ ಹಿಡಿಯುವ ಕಂಚು ಅದು. 1996ರಲ್ಲಿ ‘ಜನುಮದ ಜೋಡಿ’ ಸಿನಿಮಾ ಬಂದ ಮೇಲೆ ಶಾಲೆಗಳ ವಾರ್ಷಿಕೋತ್ಸವದಲ್ಲೆಲ್ಲ ಮಕ್ಕಳು ಬೀಸಿದರು, ನಾನೇ ಬೀಸಿಸಿದೆ. ಅದು ಬೇರೆ, ಹೆಸರು ಅಳಿಸಿ ಹೆಸರು ಬರೆಯುವುದು ಬೇರೆ. ಗೊರವರ ಕರಡಿ ಟೊಪ್ಪಿಗೆಯೂ ಬೇಡ. ಅದು ಮೈಲಾರಲಿಂಗನ ಒಕ್ಕಲಿನವರದ್ದು. ಮೇಲಾಗಿ ಕರಡಿ ಚರ್ಮ ವನ್ಯಜೀವಿ ಕಾಯ್ದೆಗೆ ಬರುತ್ತದೆ. ನವಿಲುಗರಿಯನ್ನು ಪೆಟ್ಟಿಗೆಗೆ ಹಾಕಬೇಡಿ, ಅದನ್ನು ದೇಶದಾಚೆ ಸಾಗಿಸುವುದಕ್ಕೂ ನಿಷೇಧವಿದೆ.

ಇನ್ನೊಬ್ಬರ ಕಲೆಯನ್ನು ಮುಟ್ಟಲೇಬಾರದು ಅಂತಲ್ಲ. ಮಂಗಳೂರು ಕಡೆಯ ಫ್ರಾನ್ಸಿಸ್ ಬಾರ್ಬೋಜಾ ಭರತನಾಟ್ಯವನ್ನು ಗುರುಮುಖದಲ್ಲಿ ವರ್ಷಗಟ್ಟಲೆ ಕಲಿತು, ಬರೋಡಾದ ವಿಶ್ವವಿದ್ಯಾಲಯದಲ್ಲಿ ಅದರ ಮೇಲೆ ಸಂಶೋಧನೆ ಮಾಡಿ, ಆಮೇಲೆ ಕ್ರೈಸ್ತ ಕತೆಗಳಿಗೆ ಬೇಕಾದ ಹಸ್ತಮುದ್ರೆಗಳನ್ನು ತಾವೇ ಕಟ್ಟಿದರು. ಅಷ್ಟು ಬೆವರು ಹರಿಸಿದವರ ಕೈಯನ್ನು ಯಾರು ಹಿಡಿಯುತ್ತಾರೆ? ಯೂಟ್ಯೂಬ್ ನೋಡಿ ಮೂರು ಭಾನುವಾರ ಕಲಿತವರ ಕತೆ ಹಾಗಲ್ಲ.

ನನ್ನನ್ನು ಕೇಳಿದರೆ ಜಡೆ ಕೋಲಾಟ ಒಯ್ಯಿರಿ. ಅದು ಎಲ್ಲರದ್ದು. ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು, ಒಳಗೊಬ್ಬರು ಹೊರಗೊಬ್ಬರು ಹಾಯುತ್ತ ಕುಣಿದರೆ ತಲೆಯ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಯನ್ನು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಒಬ್ಬ ಒಳಗೆ ಹೋಗುವ ಬದಲು ಹೊರಗೆ ಹೋದರೆ ಮುಗಿಯಿತು, ಗಂಟು ಮೇಲೆ ನೇತಾಡುತ್ತದೆ, ಎಲ್ಲರಿಗೂ ಕಾಣುತ್ತದೆ, ಮುಚ್ಚಿಡುವ ಹಾಗಿಲ್ಲ. ಅದಕ್ಕೇ ಇದನ್ನು ಮೊದಲು ಹಾಡಿಲ್ಲದೆ, ಬರೀ ಹೆಜ್ಜೆ ಎಣಿಕೆಯಲ್ಲಿ ಕಲಿಯಬೇಕು. ಆಮೇಲೆ ಹಗ್ಗ, ಕೊನೆಗೆ ಕೋಲು. ನೀವು ನೇರ ಕೋಲಿಗೇ ಹೋಗಿದ್ದೀರಿ ಅಂತ ಕೇಳಿದೆ! ಹೋದ ಕಡೆ ಸೂರಿಗೆ ಕೊಕ್ಕೆ ಇರುವುದಿಲ್ಲ. ಬಿಚ್ಚಿ ಜೋಡಿಸುವಂಥ ಕಬ್ಬಿಣದ ಕಂಬ ಮಾಡಿಸಿಕೊಳ್ಳಿ. ಕೋಲುಗಳನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಒಳಗೆ ಹಾಕುವ ಪೆಟ್ಟಿಗೆಯಲ್ಲಿರಲಿ.

ತಮಟೆ ಬೇಕೇ ಬೇಕು ಅಂದಿರಿ, ಸಂತೋಷ. ನಿಮ್ಮ ಅಜ್ಜಂದಿರು ಅದನ್ನು ಊರ ಹಬ್ಬದಲ್ಲಿ ದೂರ ನಿಂತು ಬಡಿದರು, ನೀವು ವೇದಿಕೆ ನಡುವೆ ನಿಂತು ಬಡಿಯಿರಿ. ಆದರೆ ಚರ್ಮದ ತಮಟೆಯನ್ನು ಬಡಿಯುವ ಮುಂಚೆ ಬೆಂಕಿಗೆ ಕಾಸಬೇಕಲ್ಲ, ಪರದೇಶದ ಸಭಾಂಗಣದ ಹಿಂದೆ ಹುಲ್ಲು ಹೊತ್ತಿಸಿ ಕೂತರೆ ಮೊದಲು ಬರುವುದು ಫೈರ್ ಇಂಜಿನ್. ಎಷ್ಟೋ ದೇಶಗಳು ಚರ್ಮದ ಸಾಮಾನನ್ನು ಗಡಿಯಲ್ಲೇ ತಡೆದು ತಪಾಸಣೆ ಮಾಡುತ್ತವೆ. ಫೈಬರ್ ತಮಟೆ ಒಯ್ಯಿರಿ. ನಾದ ಅಷ್ಟಕ್ಕಷ್ಟೆ, ನನಗೂ ಗೊತ್ತು.

ನಿಮ್ಮ ಸ್ಕಿಟ್ಟಿನ ವಿಚಾರ ಹೇಳಲೇಬೇಕು. ಮುಖಕ್ಕೆ ಕರಿ ಬಳಿದುಕೊಂಡ ಸೈತಾನ ಒಬ್ಬ ಹುಡುಗನನ್ನು ಎಳೆಯುತ್ತಾನೆ, ಬಿಳಿ ನಿಲುವಂಗಿಯ ಯೇಸು ಬಿಡಿಸುತ್ತಾನೆ. ಇದನ್ನು ಕೆನ್ಯಾದ ಹಳ್ಳಿಯಲ್ಲಿ ಹೇಗೆ ಆಡುತ್ತೀರಿ? ಕರಿ ಮೈಯ ಜನ ಕೂತು ನೋಡುತ್ತಿರುತ್ತಾರೆ. ಆ ಬಣ್ಣವನ್ನು ಅಲ್ಲಿಗೆ ಮಾತ್ರವಲ್ಲ, ಇಲ್ಲಿಗೂ ಬಿಡಿ. ನಮ್ಮ ಮೈ ಏನು ಬೆಣ್ಣೆಯೇ? ಇನ್ನು ಆ ಕುಡುಕನ ಪಾತ್ರ, ಲುಂಗಿ ಎತ್ತಿ ಕಟ್ಟಿ, ಹೆಗಲಿಗೆ ಟವೆಲ್ಲು. ನೀವು ಇಲ್ಲಿ ಆಡಿದಾಗ ನೋಡುತ್ತಿದ್ದ ಅರ್ಧ ಗಂಡಸರು ಅದೇ ಉಡುಪಿನಲ್ಲಿದ್ದರು. ನಕ್ಕರು, ಆದರೆ ಆಮೇಲೆ ಒಬ್ಬರೂ ನಿಮ್ಮ ಹತ್ತಿರ ಬಂದು ಮಾತಾಡಲಿಲ್ಲ.

ನೇಪಾಳಕ್ಕೆ ಹೋದರೆ ಕಾನೂನು ಗೊತ್ತಿರಲಿ. 2015ರ ಅವರ ಸಂವಿಧಾನವೇ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ತಡೆಯುತ್ತದೆ. 2018ರಿಂದ ಜಾರಿಯಲ್ಲಿರುವ ಅಪರಾಧ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಸೆರೆವಾಸ, ವಿದೇಶಿಯಾದರೆ ಶಿಕ್ಷೆಯಾದ ಮೇಲೆ ಗಡೀಪಾರು. ನೀವು ಬೀದಿಯಲ್ಲಿ ಕರಪತ್ರ ಹಂಚಿ ಹೊರಟು ಬರಬಹುದು, ಪೊಲೀಸರು ಬಾಗಿಲು ತಟ್ಟುವುದು ನಿಮ್ಮನ್ನು ಕರೆದ ಸಭೆಯದ್ದು. ಅವರು ಹೇಳಿದ ಕಡೆ ಕುಣಿಯಿರಿ, ಬೇಡ ಅಂದ ಕಡೆ ಸುಮ್ಮನಿರಿ. ವಾರದ ರಜೆ ಶನಿವಾರ ಇರುವುದರಿಂದ ಅಲ್ಲಿಯ ಸಭೆಗಳು ಸಾಮಾನ್ಯವಾಗಿ ಶನಿವಾರವೇ ಸೇರುತ್ತವೆ, ಕಾರ್ಯಕ್ರಮವನ್ನು ಅದಕ್ಕೆ ಹೊಂದಿಸಿ. ಕೆನ್ಯಾದಲ್ಲಿ ತೊಡಕು ಬೇರೆ. ಅಲ್ಲಿ ಎಷ್ಟೋ ಸಭೆಗಳಲ್ಲಿ ಆರಾಧನೆಯ ಹೊತ್ತಿಗೆ ಅಜ್ಜಿಯರೂ ಎದ್ದು ಕುಣಿಯುತ್ತಾರೆ. ನಿಮ್ಮದನ್ನು ತೋರಿಸುವುದಕ್ಕಿಂತ ಮೊದಲು ಅವರ ಸಾಲಿನಲ್ಲಿ ನಿಂತು ಕುಣಿಯಬೇಕಾಗುತ್ತದೆ.

ಕಾಗದ ಪತ್ರ ಈಗಲೇ ನೋಡಿಕೊಳ್ಳಿ. ನಮ್ಮ ಕಡೆ ಹೆಸರೆಂದರೆ ಒಂದು ಹೆಸರು, ಮುಂದೊಂದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು. 2022ರಲ್ಲಿ ಯುಎಇ ದೇಶ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದಲ್ಲಿ ಬರಬೇಡಿ ಅಂದಿತು. ಅರ್ಜಿ ಹಾಕುವಾಗಲೇ ಇನಿಷಿಯಲ್ ಬಿಡಿಸಿ, ತಂದೆಯ ಹೆಸರನ್ನು ಎರಡನೆಯ ಹೆಸರಾಗಿ ಬರೆಸಿ. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ನಿಮ್ಮ ವಯಸ್ಸಿನವರಿಗೆ ಪಾಸ್‌ಪೋರ್ಟೋ ವೋಟರ್ ಕಾರ್ಡೋ ಬೇಕು, ಆಧಾರ್ ನಡೆಯುವುದಿಲ್ಲ. ಕೆನ್ಯಾದಿಂದ ಮರಳುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಪತ್ರವಿಲ್ಲದಿದ್ದರೆ ನಮ್ಮವರೇ ವಿಮಾನ ನಿಲ್ದಾಣದಿಂದ ಕರೆದೊಯ್ದು ಪ್ರತ್ಯೇಕ ಇರಿಸುತ್ತಾರೆ. ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು. ಚಟ್ನಿಪುಡಿ ಕಟ್ಟಿಕೊಡುವ ಅಮ್ಮಂದಿರಿಗೆ ಹೇಳಿ, 2017ರಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಡಬ್ಬಿಯಲ್ಲಿ ಹಾಕಿಕೊಡಲಿ. ಕಲ್ಲಿಕೋಟೆಯಿಂದ ವಿಮಾನ ಅಗ್ಗ ಸಿಕ್ಕಿತು ಅಂತ ಹಿಗ್ಗಬೇಡಿ. ಅಲ್ಲಿಗೆ ಹೋಗುವ ದಾರಿಯ ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು. ಕೆನ್ಯಾದ ಪ್ರವೇಶಾನುಮತಿ ಅರ್ಜಿಯಲ್ಲಿ ಹೋಗುವ ಕಾರಣವನ್ನು ಇದ್ದ ಹಾಗೇ ಬರೆಯಿರಿ, ಕರೆದ ಸಭೆಯ ಪತ್ರ ಜೊತೆಗಿಡಿ. ಹುಡುಗಿಯರ ಜೊತೆ ಹಿರಿಯ ಹೆಂಗಸರು ಇಬ್ಬರಾದರೂ ಇರಲಿ.

ದುಡ್ಡು. ಚೆಂಡುಹೂವು ಕೀಳುವ ಕೂಲಿಯಲ್ಲಿ ಬದುಕುವ ಮನೆಗಳಿಗೆ ರಸೀದಿ ಪುಸ್ತಕ ಹಿಡಿದು ಹೋಗಬೇಡಿ. ಕೊಡಲಾರೆ ಅನ್ನಲು ಅವರಿಗೆ ನಾಚಿಕೆ, ಸಾಲ ಮಾಡಿಯಾದರೂ ಕೊಡುತ್ತಾರೆ. ಬಂದ ಪ್ರತಿ ರೂಪಾಯಿಯ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿ. ಅಲ್ಲಿಯವರು ಉಣ್ಣಿಸಿದರೆ ಉಣ್ಣಿ, ಆದರೆ ತಂಡಕ್ಕೆ ಅಂತ ಲಕೋಟೆ ಕೊಟ್ಟರೆ ಕೈಮುಗಿದು ವಾಪಸು ಕೊಡಿ. ವಿದೇಶಿ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾಯ್ದೆ ಇದೆ. ನೋಂದಾಯಿತ ಸಂಸ್ಥೆಯ ಖಾತೆಗಲ್ಲದೆ ಯಾರದೋ ಹುಡುಗನ ಫೋನ್‌ಪೇಗೆ ಅದು ಬರಬಾರದು.

ಫೋಟೊ ತೆಗೆಯುವ ಮುಂಚೆ ಹೆಸರು ಕೇಳಿ, ಒಪ್ಪಿಗೆ ಕೇಳಿ. ಬಾಸೆಲ್ ಮಿಷನ್ನಿನ ಹಳೆಯ ಸಂಗ್ರಹದಲ್ಲಿ ನಮ್ಮ ನಾಡಿನ ಹೆಂಗಸರು ಮಕ್ಕಳ ಎಷ್ಟೋ ಚಿತ್ರಗಳಿವೆ, ಕೆಳಗೆ ಜಾತಿಯೋ ಕಸುಬೋ ಬರೆದಿದೆ, ಹೆಸರಿಲ್ಲ. ಹರಿದ ಅಂಗಿಯ ಮಗುವನ್ನು ಎತ್ತಿಕೊಂಡು ಇನ್‌ಸ್ಟಾಗ್ರಾಮಿಗೆ ಹಾಕುವ ಚಪಲ ನಿಮಗೂ ಬರುತ್ತದೆ, ತಡೆದುಕೊಳ್ಳಿ.

ಕುಣಿಯುವುದು ತಪ್ಪು ಅನ್ನುವ ಹಿರಿಯರು ನಿಮ್ಮ ಸಭೆಯಲ್ಲೇ ಇದ್ದಾರಂತಲ್ಲ. ದಾವೀದ ಅರಸ ಮಂಜೂಷದ ಮುಂದೆ ಕುಣಿದದ್ದು, ಮೀಕಲಳು ಕಿಟಕಿಯಿಂದ ನೋಡಿ ಹೀಯಾಳಿಸಿದ್ದು ನಿಮ್ಮ ಗ್ರಂಥದಲ್ಲೇ ಇದೆ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವರ ಜೊತೆ ವಾದಕ್ಕಿಳಿಯದೆ ಅಭ್ಯಾಸ ನೋಡಲು ಕರೆಯಿರಿ.

ಹೊರಡುವ ತಿಂಗಳು ಮೊದಲು ಇಲ್ಲೇ, ಉಡಿಗಾಲದಲ್ಲಿ, ಒಂದು ಸಂಜೆ ಪೂರ್ತಿ ಕಾರ್ಯಕ್ರಮ ಮಾಡಿ. ನಿಮ್ಮ ಸಭೆಯವರು ಚಪ್ಪಾಳೆ ಹೊಡೆದೇ ಹೊಡೆಯುತ್ತಾರೆ, ಆ ಚಪ್ಪಾಳೆಯಿಂದ ಏನೂ ಗೊತ್ತಾಗುವುದಿಲ್ಲ. ಉಪ್ಪಾರ ಬೀದಿಯವರನ್ನು, ನಾಯಕರ ಬೀದಿಯವರನ್ನು, ಲಿಂಗಾಯತರ ಅಜ್ಜಿಯರನ್ನು, ಸಾಬರ ಹುಡುಗರನ್ನು ಮನೆಮನೆಗೆ ಹೋಗಿ ಕರೆಯಿರಿ. ಯಾವಾಗ ಎದ್ದು ಹೋಗುತ್ತಾರೆ, ಯಾವಾಗ ಮುಂದಕ್ಕೆ ಜರುಗಿ ಕೂರುತ್ತಾರೆ ಅನ್ನುವುದನ್ನು ನಾನು ಬರೆದುಕೊಳ್ಳುತ್ತೇನೆ. ಜಾಗಕ್ಕೆ ನಾನು ಮಾತಾಡುತ್ತೇನೆ, ಮೈಕಿನ ಅನುಮತಿ ನೀವು ಮಾಡಿಸಿ. ಹತ್ತು ಗಂಟೆಗೆ ಮಾತ್ರ ನಿಲ್ಲಿಸಬೇಕು, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.