ಶೆಟ್ಟಿಹಳ್ಳಿಯ ರೋಸರಿ ಚರ್ಚು: ‘ಜೀರ್ಣೋದ್ಧಾರ’ದ ಅರ್ಥವಿಚಾರ

ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದೆಂದು ಇದರ ಅರ್ಥ. ಇಂಥ ದತ್ತಿಗಳು ಅನೇಕ ವೇಳೆ ಪೂಜೆಗೂ ಆಹಾರದಾನಕ್ಕೂ ಸಲ್ಲುತ್ತಿದ್ದವು. ಎಂದರೆ, ಕಟ್ಟಡದ ದುರಸ್ತಿಯು ಅದನ್ನು ಆಶ್ರಯಿಸಿದವರ ಬದುಕಿನಿಂದ ಬೇರೆಯಾಗಿರಲಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚನ್ನು ಪ್ರವಾಸೋದ್ಯಮಕ್ಕಾಗಿ ಉದ್ಧರಿಸುವ ವಿಚಾರವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಈ ಚರ್ಚು, 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಊರಿನವರು ನೆಲೆ ಬಿಟ್ಟರು. ಚಾವಣಿಯಿಲ್ಲದ ಗೋಡೆಗಳು ಮಳೆಗಾಲದಲ್ಲಿ ಭಾಗಶಃ ಮುಳುಗಿ, ಬೇಸಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಹೀಗೆ ನೆನೆದು ಒಣಗುವುದರಿಂದ ಗಾರೆ ಸಡಿಲಗೊಳ್ಳುತ್ತದೆ. ಇದಕ್ಕೆ ಸಿಮೆಂಟಿನ ತೇಪೆ ಪರಿಹಾರವಲ್ಲ. ಹಳೆಯ ಇಟ್ಟಿಗೆಗಿಂತ ಗಡುಸಾದ ಸಿಮೆಂಟು ತೇವವನ್ನು ಒಳಗೇ ತಡೆದು ಇಟ್ಟಿಗೆಯನ್ನೇ ಶಿಥಿಲಗೊಳಿಸುತ್ತದೆ. ಬಿರುಕುಗಳನ್ನು ಸುಣ್ಣದ ಗಾರೆಯಿಂದಲೇ ಮುಚ್ಚಬೇಕು; ಗೋಡೆ ಹತ್ತುವುದನ್ನು ತಡೆಯಬೇಕು.

ಹೊಸ ಚಾವಣಿ ಹೊದಿಸುವುದೂ ಸಲ್ಲದು. ನೀರಿನ ನಡುವೆ ನಿಂತ ಈ ಗೋಡೆಗಳೇ ಒಂದು ಊರು ಮುಳುಗಿದುದಕ್ಕೆ ಸಾಕ್ಷಿ; ಪ್ರವಾಸಿಗರು ನೋಡಬರುವುದೂ ಅವನ್ನೇ. ಆದರೆ ಸಾಕ್ಷಿಗೆ ಮಾತು ಬೇಕು. ನೆಲೆ ಕಳೆದುಕೊಂಡ ಮನೆತನಗಳ ಹಿರಿಯರಿಂದ ಹಳೆಯ ಊರಿನ ಕೇರಿ, ಹಬ್ಬ, ಹೊಲಗದ್ದೆಗಳ ಹೆಸರುಗಳನ್ನು ದಾಖಲಿಸಿಕೊಳ್ಳಬೇಕು. ಬಂದವರಿಗೆ ಅದನ್ನು ವಿವರಿಸುವ ಕೆಲಸ, ಅದರಿಂದ ಬರುವ ಆದಾಯ ಆ ಮನೆತನಗಳ ಮಕ್ಕಳಿಗೇ ಮೊದಲು ದೊರೆಯಬೇಕು. ಗೋಡೆಯನ್ನಷ್ಟೇ ಉಳಿಸಿ ಜನರನ್ನು ಮರೆತರೆ ಅದು ದುರಸ್ತಿಯಾದೀತು. ಶಾಸನಗಳು ಹೇಳುವ ಅರ್ಥದ ಜೀರ್ಣೋದ್ಧಾರವಾಗದು.